ನಡುವೆ ಒಂದು ರೈಲು

ನನ್ನ ಅತ್ತಿಗೆಯ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಹಸಿರಾಗಿರುತ್ತಿತ್ತು. ಅವರು ಕುಮಾರ ಪಾರ್ಕಿನ ಹತ್ತಿರದ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಉತ್ತರಪತ್ರಿಕೆಗಳನ್ನು ಹಸಿರು ಶಾಯಿಯಲ್ಲಿ ತಿದ್ದುತ್ತಿದ್ದರು, ಪೆನ್ನು ಸೋರುತ್ತಿತ್ತು, ಹೊಸದು ತೆಗೆದುಕೊಳ್ಳಿ ಎಂದರೆ ಕೇಳುತ್ತಿರಲಿಲ್ಲ. ಮಾತಾಡುತ್ತಿರುವಾಗ ಆ ಹಸಿರು ಬೆರಳು ಇದ್ದಕ್ಕಿದ್ದಂತೆ ಮೇಲೇಳುತ್ತಿತ್ತು, ಮಾತು ಅಲ್ಲೇ ನಿಲ್ಲುತ್ತಿತ್ತು. ಎದುರಿಗಿದ್ದವರು ಏನೋ ಆಯಿತೆಂದು ಸುತ್ತ ನೋಡುತ್ತಿದ್ದರು. ಏನೂ ಆಗಿರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಕೆಳಗಿಳಿದು, ಬಿಟ್ಟ ಪದದ ಮುಂದಿನ ಪದದಿಂದ ಮಾತು ಹೊರಡುತ್ತಿತ್ತು.

ಅವರು ಹುಟ್ಟಿ ಬೆಳೆದದ್ದು ಓಕಳಿಪುರದಲ್ಲಿ. ಮನೆಯ ಹಿತ್ತಿಲ ಗೋಡೆಯ ಆಚೆಗೇ ರೈಲು ಹಳಿ. ರೈಲು ಬಂದಾಗ ಯಾರ ಮಾತೂ ಯಾರಿಗೂ ಕೇಳಿಸುವಂತಿರಲಿಲ್ಲ. ಹಾಗಾಗಿ ಆ ಮನೆಯವರೆಲ್ಲ ಬೆರಳೆತ್ತಿ ಮಾತು ತಡೆದು, ರೈಲು ದಾಟಿದ ಮೇಲೆ ಮುಂದುವರಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಮದುವೆಯಾಗಿ ಬಸವನಗುಡಿಯ ನಮ್ಮ ಮನೆಗೆ ಬಂದ ಮೇಲೂ ಅತ್ತಿಗೆಯ ರೈಲುಗಳು ನಿಲ್ಲಲಿಲ್ಲ. ನಮ್ಮ ಬೀದಿಯಲ್ಲಿ ಸದ್ದು ಎಂದರೆ ಸೊಪ್ಪಿನವಳ ಕೂಗು, ಹೆಚ್ಚೆಂದರೆ ಗಾಂಧಿ ಬಜಾರಿನ ಕಡೆಗೆ ತಿರುಗುವ ಆಟೋ.

"ಹಸಿರು ತೋರಿಸಿ ಎಲ್ಲರನ್ನೂ ನಿಲ್ಲಿಸ್ತೀಯಲ್ಲಮ್ಮ, ಇದ್ಯಾವ ಸಿಗ್ನಲ್ಲು?" ಎಂದು ಅಪ್ಪ ನಗುತ್ತಿದ್ದರು.

ಹೀಗೆಂದು ನನ್ನ ನೆನಪು. ಅಣ್ಣನನ್ನು ಕೇಳಿದರೆ, "ಬೆರಳೆತ್ತುತಿದ್ದಿದ್ದು ನಿಜ, ಆದ್ರೆ ಎಡಗೈದು ಕಣೋ" ಎನ್ನುತ್ತಾನೆ. ಅವನು ಗಂಡ, ಅವನ ಮಾತಿಗೆ ತೂಕ ಜಾಸ್ತಿ. ಆದರೆ ಶಾಯಿ ಅಂಟುವುದು ತಿದ್ದುವ ಕೈಗೇ ಅಲ್ಲವೆ? ಸಾಕ್ಷಿ ಹೇಳುವವನನ್ನು ಮೊದಲು ಅನುಮಾನಿಸು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಇಲ್ಲಿ ಸಾಕ್ಷಿ ಹೇಳುವವನು ನಾನೇ. ಅದರ ಮೇಲೆ, ಈ ಸಾಕ್ಷಿಗೆ ಅತ್ತಿಗೆಯ ಮೇಲೆ ಹೊಟ್ಟೆಕಿಚ್ಚಿತ್ತು. ಇತ್ತು ಎಂದು ಬರೆದೆ. ಇದೆ ಎಂದು ಓದಿಕೊಳ್ಳಬಹುದು.

ಹೊಟ್ಟೆಕಿಚ್ಚಿನ ಮೂಲ ಅಪ್ಪನ ಚೀಟಿಗಳು. ಅಪ್ಪ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದರು. ದಿನವೆಲ್ಲ ಬರೆದ ಕನ್ನಡವನ್ನೇ ಓದುತ್ತಿದ್ದವರಿಗೆ ಆಡುವ ಕನ್ನಡ ಎಂದರೆ ಒಂದು ರೀತಿಯ ಹಸಿವು. ಬಸ್ಸಿನಲ್ಲೋ ಹೂವಿನ ಅಂಗಡಿಯಲ್ಲೋ ಊಟದ ಮನೆಯಲ್ಲೋ ಯಾರಾದರೂ ಹೊಸದಾಗಿ ಒಂದು ಮಾತು ಆಡಿದರೆ ಸಾಕು, "ತಡಿ, ತಡಿ" ಎನ್ನುತ್ತ ಜೇಬಿನಿಂದ ಕರಡು ಕಾಗದದ ತುಂಡು ತೆಗೆದು ಬರೆದುಕೊಳ್ಳುತ್ತಿದ್ದರು. ಮೇಲೆ ಮಾತು, ಕೆಳಗೆ ಆಡಿದವರು ಯಾರು ಎಂಬುದು. ಹೆಸರಲ್ಲ, ಹೂವಿನವಳು, ಕಂಡಕ್ಟರ್, ಎದುರುಮನೆ ಅಜ್ಜಿ, ಹೀಗೆ. ಚೀಟಿಗಳು ಬಿಸ್ಕತ್ತಿನ ಡಬ್ಬಿಗಳನ್ನು ಸೇರುತ್ತಿದ್ದವು.

ಅದಕ್ಕೆ ಅವರದೇ ನಿಯಮಗಳಿದ್ದವು. ಗಾದೆ ಬೇಡ, ಅದು ಊರಿನ ಸ್ವತ್ತು. ಒಂದೇ ಉಸಿರಿನಲ್ಲಿ ಆಡಿದ್ದು ಮಾತ್ರ ಒಂದು ಮಾತು. ನಿಲ್ಲಿಸಿ, ಉಸಿರು ತೆಗೆದುಕೊಂಡು ಸೇರಿಸಿದ್ದು ಬೇರೆ ಚೀಟಿ. "ನಡುವೆ ನಿಂತು ಯೋಚನೆ ಮಾಡಿ ಆಡಿದ್ರೆ ಅದು ಮಾತಲ್ಲ, ಭಾಷಣ" ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಶಾಲೆಯ ಅಂಕಗಳಿಗಿಂತ ದೊಡ್ಡ ಬಹುಮಾನ ಎಂದರೆ ಅಪ್ಪನಿಂದ "ತಡಿ" ಅನ್ನಿಸಿಕೊಳ್ಳುವುದು. ಅಣ್ಣನಿಗೆ ಅದರ ಗೊಡವೆ ಇರಲಿಲ್ಲ, ಬ್ಯಾಟು ಹಿಡಿದು ಓಡುತ್ತಿದ್ದ. ನಾನು ಮಾತ್ರ ಊಟಕ್ಕೆ ಕೂರುವ ಮೊದಲೇ ಒಂದೆರಡು ಮಾತು ಹೊಸೆದುಕೊಂಡು ಬರುತ್ತಿದ್ದೆ. ಅಪ್ಪನ ಕಣ್ಣಿಗೆ ತಪ್ಪಕ್ಷರ ಹೇಗೆ ಕಾಣುತ್ತಿತ್ತೋ ಕಿವಿಗೆ ಹೊಸೆದ ಮಾತು ಹಾಗೆಯೇ ತಿಳಿಯುತ್ತಿತ್ತು. "ಇದನ್ನ ಬಚ್ಚಲುಮನೇಲಿ ತಯಾರು ಮಾಡ್ಕೊಂಡು ಬಂದೆ, ಅಲ್ವೇನೋ?" ಎಂದು ಅನ್ನ ಕಲಸುತ್ತಿದ್ದರು.

ಒಮ್ಮೆ ಗೆದ್ದೆ. ಏಳೋ ಎಂಟೋ ವಯಸ್ಸು. ಬೇಸಿಗೆಯ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಮುಚ್ಚಿತು. ಆಟ ಬಿಟ್ಟು ಒಳಗೆ ಬಂದವನನ್ನು ಅಮ್ಮ "ಯಾಕೋ ಬಂದ್ಬಿಟ್ಟೆ?" ಎಂದು ಕೇಳಿದರು. "ಬಿಸಿಲಿಗೆ ಬೇಜಾರಾಗಿದೆ" ಎಂದೆ. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ತಡಿ, ತಡಿ, ಇನ್ನೊಂದ್ಸಲ ಹೇಳು!" ಚೀಟಿಯ ಕೆಳಗೆ "ಕಿರಿಯ ಮಗ" ಎಂದು ಬರೆದು ನನಗೆ ತೋರಿಸಿದರು. ಆಮೇಲೆ ಬೆಳೆಯುತ್ತ ಸಣ್ಣಪುಟ್ಟ ಮಾತುಗಳಿಗೆ ಇನ್ನಷ್ಟು ಚೀಟಿ ಸಿಕ್ಕಿರಬೇಕು. ಆದರೆ ಅಪ್ಪ ಎದ್ದು ನಿಂತು ಬರೆದದ್ದು ಅದೊಂದೇ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅತ್ತಿಗೆ ಬಂದರು. ಹೊಸಿಲು ದಾಟಿ ಒಳಗೆ ಕಾಲಿಟ್ಟಾಗ ಅಮ್ಮ "ಮನೆ ತುಂಬಿತು" ಎಂದರು. ಅಪ್ಪ ಅದನ್ನು ಬರೆದುಕೊಂಡರು. ಅತ್ತಿಗೆ ತಮ್ಮದೇ ಚೀಟಿ ಗಳಿಸಿದ್ದು ಮಾರನೆಯ ಬೆಳಗ್ಗೆ. ನಮ್ಮ ಮನೆಯ ಕಾಫಿಯಲ್ಲಿ ಹಾಲಿನದೇ ದರ್ಬಾರು. ಒಂದು ಗುಟುಕು ಕುಡಿದ ಹೊಸ ಸೊಸೆ ಲೋಟವನ್ನೇ ನೋಡುತ್ತ, "ಅತ್ತೆ, ಈ ಹಾಲಿಗೆ ಕಾಫಿಪುಡಿ ದೂರದ ಸಂಬಂಧಾನಾ?" ಎಂದುಬಿಟ್ಟರು.

ಅಮ್ಮನ ಮುಖ ಬಿಗಿಯಿತು. ಅಣ್ಣ ಪೇಪರಿನ ಹಿಂದೆ ಮರೆಯಾದ. ಅಪ್ಪ ಮಾತ್ರ "ತಡಿಯಮ್ಮ, ತಡಿ!" ಎನ್ನುತ್ತ ಎದ್ದು ಕನ್ನಡಕ ತರಲು ಕೋಣೆಗೆ ಓಡಿದರು. ಎದ್ದರು. ನಾನು ಎದುರಿಗೇ ಕೂತಿದ್ದೆ. ಭಾಷಾಶಾಸ್ತ್ರದ ಎಂ.ಎ. ಓದುತ್ತಿದ್ದೆ, ಮಾತು ಎಂದರೇನು ಎಂಬ ವಿಷಯದಲ್ಲಿ ದಪ್ಪ ದಪ್ಪ ಪುಸ್ತಕಗಳನ್ನು ಓದಿದ್ದೆ, ಮತ್ತು ನನ್ನ ಕಾಫಿ ಆರಿಹೋಗಿತ್ತು.

ಅಲ್ಲಿಂದ ಮುಂದೆ ಚೀಟಿಗಳು ಅವರ ಕಡೆಗೇ ಹರಿದವು. ಅವರು ಯಾವತ್ತೂ ಚೀಟಿಗಾಗಿ ಮಾತಾಡಲಿಲ್ಲ ಎಂಬುದೇ ನನಗೆ ತಡೆಯಲಾಗದ ಸಂಗತಿ. ಗಾಂಧಿ ಬಜಾರಿನಲ್ಲಿ ಅವರೆಕಾಯಿ ಆರಿಸುತ್ತ, ಹೂವಿನವಳ ಜೊತೆ ಮೊಳದ ಉದ್ದಕ್ಕೆ ಜಗಳವಾಡುತ್ತ, ನಲ್ಲಿಯಲ್ಲಿ ನೀರು ನಿಂತಾಗ ಬೈಯುತ್ತ, ಸುಮ್ಮನೆ ಹಾಗೆ ಬರುತ್ತಿತ್ತು. ಅವರಿಗೆ ಇನ್ನೊಂದು ಚಾಳಿಯೂ ಇತ್ತು: ಬೇರೆಯವರ ಮಾತನ್ನು ಅದರ ಪಾಡಿಗೆ ಬಿಡುತ್ತಿರಲಿಲ್ಲ, ಎತ್ತಿಕೊಂಡು ಒಂದು ಬಾಲ ಅಂಟಿಸುತ್ತಿದ್ದರು. ಊಟಕ್ಕೆ ಕೂತ ಅಣ್ಣ "ಸಾಕಾಯ್ತು" ಎಂದರೆ, ಅವನದೇ ದನಿಯಲ್ಲಿ "ಸಾಕಾಯ್ತು, ಇನ್ನೊಂಚೂರು ಬಡಿಸಿ" ಎಂದು ಸೌಟು ಎತ್ತುತ್ತಿದ್ದರು.

ನನ್ನ ಮಾತಿಗೂ ಒಂದು ದಿನ ಬಾಲ ಬಂತು. ಮಹಡಿಯ ಮೇಲೆ ಹಪ್ಪಳ ಒಣಗಿಸಿದ್ದರು. ಕಾಗೆ ಕಾಯುವ ನೆಪದಲ್ಲಿ ನಾನು ಕೊಡೆ ಬಿಚ್ಚಿಕೊಂಡು ಓದುತ್ತ ಕೂತಿದ್ದೆ, ಅತ್ತಿಗೆ ಹಪ್ಪಳ ತಿರುವಿ ಹಾಕುತ್ತಿದ್ದರು. ಮೋಡ ಬಂತು. ಅವರು ಮೆಟ್ಟಿಲ ಹತ್ತಿರ ಹೋಗಿ ಕೆಳಗಿದ್ದ ಅಮ್ಮನಿಗೆ ಕೂಗಿ ಹೇಳಿದರು: "ಬಿಸಿಲಿಗೆ ಬೇಜಾರಾಗಿದೆ, ಹಪ್ಪಳ ಎತ್ತಿಡಿ!"

ಮೆಟ್ಟಿಲ ಬುಡದಲ್ಲಿ ಅಪ್ಪ ಇದ್ದರು. "ತಡಿ, ತಡಿ" ಎಂಬ ದನಿ ಮೇಲಿನವರೆಗೂ ಬಂತು. ನಾನು ಕೊಡೆ ಹಿಡಿದುಕೊಂಡೇ ಕೆಳಗೋಡಿದೆ.

"ಅಪ್ಪ, ಅದರಲ್ಲಿ ಅರ್ಧ ನಂದು."

"ನಿನ್ನ ಅರ್ಧದ ಚೀಟಿ ಆಗ್ಲೇ ಡಬ್ಬೀಲಿದೆಯಲ್ಲೋ" ಎಂದರು ಅಪ್ಪ, ಬರೆಯುತ್ತಲೇ. "ಇದು ಪೂರ್ತಿ."

ಮೇಲಿನಿಂದ ಅತ್ತಿಗೆ ಕೂಗಿದರು: "ಏನೋ ಮೈದುನ, ಬಿಸಿಲಿಗೂ ನೀನೇ ಓನರ್ರಾ? ಬಾ, ಹಪ್ಪಳ ಹಿಡಿ."

ಅಮ್ಮ ತೀರಿಕೊಂಡರು. ಅಪ್ಪ ನಿವೃತ್ತರಾದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿತ್ತು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಆಗ ಚಾಮರಾಜಪೇಟೆಯ ಹಳೆಯ ಪರಿಚಯದ ಪ್ರಕಾಶಕರೊಬ್ಬರು ಚೀಟಿಗಳನ್ನು ಪುಸ್ತಕ ಮಾಡಲು ಒಪ್ಪಿದರು. ಅವರದೊಂದು ಷರತ್ತಿತ್ತು. "ಒಂದೇ ಮಾತು ಎರಡು ಸಲ ಬರಬಾರ್ದು ಸ್ವಾಮಿ. ಉದ್ದದ ಮಾತಿನೊಳಗೆ ಇರೋ ಗಿಡ್ಡ ಮಾತು ಮತ್ತೆ ಬೇರೆಯಾಗಿ ಬೇಡ. ಇಲ್ದಿದ್ರೆ ಪುಸ್ತಕ ಅಲ್ಲ, ಇಟ್ಟಿಗೆ ಆಗತ್ತೆ."

ಷರತ್ತು ನ್ಯಾಯವಾದದ್ದೇ. ಅಪ್ಪ ದಶಕಗಟ್ಟಲೆ ಬರೆದಿದ್ದರು. ಹಿಂದೆ ಬರೆದದ್ದನ್ನು ಮರೆತು ಅದೇ ಮಾತನ್ನು ಮತ್ತೆ ಮತ್ತೆ ಬರೆದಿದ್ದರು. ಕಂಪ್ಯೂಟರಿನಲ್ಲಿ ಆಗ ತಾನೇ ಕನ್ನಡ ನೆಟ್ಟಗೆ ಮೂಡಲು ಶುರುವಾಗಿತ್ತು. ಅತ್ತಿಗೆ ಕಾಲೇಜಿನ ರಜೆಯಲ್ಲಿ ಕೂತು ಡಬ್ಬಿಗಳನ್ನು ಒಂದೊಂದಾಗಿ ಬರಿದು ಮಾಡಿ, ಚೀಟಿಗಳನ್ನೆಲ್ಲ ಹಜಾರದ ಕಂಪ್ಯೂಟರಿಗೆ ಹಾಕಿದರು: ಒಂದು ಸಾಲಿಗೆ ಒಂದು ಮಾತು, ಪಕ್ಕದಲ್ಲಿ ಆಡಿದವರು. ಹಳೆಯ ಚೀಟಿ ಮೊದಲು, ಹೊಸದು ಆಮೇಲೆ.

ಜರಡಿ ಹಿಡಿಯುವ ಕೆಲಸ ನನ್ನದು ಎಂದೆ. ಆಗ ನಾನೂ ಪಾಠ ಹೇಳುವವನಾಗಿದ್ದೆ, ಸ್ನೇಹಿತನೊಬ್ಬನಿಂದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೆ. "ಇದು ನನ್ನ ಕ್ಷೇತ್ರ" ಎಂದೂ ಹೇಳಿದೆ. ಪುಸ್ತಕದ ಮೇಲೆ ನನ್ನ ಹೆಸರು ಬೇಕಿರಲಿಲ್ಲ. ಅದರೊಳಗೆ "ಕಿರಿಯ ಮಗ" ಎಂಬುದೊಂದು ಕಡೆ ಇರಬೇಕಿತ್ತು, ಅದನ್ನು ಇಟ್ಟವನೂ ನಾನೇ ಆಗಬೇಕಿತ್ತು.

"ಮಾಡಪ್ಪ" ಎಂದರು ಅತ್ತಿಗೆ. "ನಾನು ನೋಡ್ತಾ ಕೂತಿರ್ತೀನಿ. ಕಡ್ಲೆಕಾಯಿ ಇದೆ."

ನನ್ನ ಪ್ರೋಗ್ರಾಮು ಪ್ರಾಮಾಣಿಕವಾಗಿತ್ತು. ಒಂದು ಮಾತನ್ನು ತೆಗೆದುಕೊಂಡು ಉಳಿದ ಎಲ್ಲ ಮಾತುಗಳ ಮುಂದೆ ಹಿಡಿಯುತ್ತಿತ್ತು: ನೀನು ಇದರೊಳಗಿದ್ದೀಯಾ? ಇದರೊಳಗೆ? ಇದರೊಳಗೆ? ಆಮೇಲೆ ಮುಂದಿನ ಮಾತು, ಮತ್ತೆ ಎಲ್ಲರ ಮುಂದೆ. ಭಾನುವಾರ ಬೆಳಗ್ಗೆ ಶುರುವಾದದ್ದು ಊಟದ ಹೊತ್ತಿಗೂ ಓಡುತ್ತಿತ್ತು. ಕಂಪ್ಯೂಟರಿನ ಒಳಗಿನ ಫ್ಯಾನು ಬಸ್ಸಿನಂತೆ ಸದ್ದು ಮಾಡುತ್ತಿತ್ತು. ಅಪ್ಪ ಹಾದುಹೋಗುವಾಗಲೆಲ್ಲ "ಬೆಂತಾ?" ಎಂದು ಕೇಳುತ್ತಿದ್ದರು. ಸಂಜೆಗೆ ಕರೆಂಟು ಹೋಯಿತು. ಮುಂದಿನ ಭಾನುವಾರ ಮತ್ತೆ ಹಚ್ಚಿ, ಅಂತೂ ಮುಗಿಸಿ, ಮುದ್ರಿಸಿ ಅಪ್ಪನ ಕೈಗೆ ಕೊಡುವ ಮೊದಲು ಅತ್ತಿಗೆ ಹಾಳೆಗಳನ್ನು ಎಳೆದುಕೊಂಡರು. ಹಸಿರು ಪೆನ್ನು ಹೊರಬಂತು.

"ಏನೋ ಇದು? 'ಮನೆ ತುಂಬಿತು' ಎಲ್ಲೋ?"

ಹುಡುಕಿದೆ. ಇರಲಿಲ್ಲ. ಯಾರೋ ಹಾಲಿನವನು ಯಾವತ್ತೋ ವ್ಯಂಗ್ಯವಾಗಿ "ಅರಮನೆ ತುಂಬಿತು" ಎಂದಿದ್ದ. ನನ್ನ ಪ್ರೋಗ್ರಾಮು ಅಕ್ಷರಗಳನ್ನು ನೋಡುತ್ತಿತ್ತೇ ಹೊರತು ಪದಗಳನ್ನಲ್ಲ; ಅರಮನೆಯ ಹಿಂದಿನ ಅರ್ಧಕ್ಕೆ ನಮ್ಮ ಮನೆಯನ್ನು ಸೇರಿಸಿ ನುಂಗಿತ್ತು.

"ಮಾವ, ನೋಡಿ ಇವನ ಕೆಲ್ಸ! ಅತ್ತೆ ನನ್ನ ಬಗ್ಗೆ ಆಡಿದ ಒಂದೇ ಒಂದು ಒಳ್ಳೇ ಮಾತು, ಅದನ್ನೂ ಹಾಲಿನವನ ಹೊಟ್ಟೆಗೆ ಹಾಕಿದಾನೆ!"

ಅಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನು ನಗಲಿಲ್ಲ ಎಂದು ನೆನಪು. ನಕ್ಕಿದ್ದೆ ಎಂದು ಅಣ್ಣ ಹೇಳುತ್ತಾನೆ.

"ಏಳು, ಆ ಕಡೆ ಕೂರು" ಎಂದು ಅತ್ತಿಗೆ ಕುರ್ಚಿ ಹಿಡಿದರು. "ಅಲ್ವೋ, ಮದುವೆಮನೇಲಿ ಬಂದವರನ್ನ ಒಬ್ಬೊಬ್ಬರನ್ನೂ ಕೈಹಿಡ್ಕೊಂಡು ಛತ್ರದಲ್ಲಿರೋ ಎಲ್ಲರ ಹತ್ರಾನೂ ಕರ್ಕೊಂಡ್ಹೋಗಿ, 'ಇವರು ನಿಮ್ಮನೆಯವರಾ, ಇವರು ನಿಮ್ಮನೆಯವರಾ' ಅಂತ ಕೇಳ್ತೀಯೇನೋ? ಊಟದ ಹೊತ್ತಿಗೆ ಮದುವೇನೇ ಮುಗಿದಿರತ್ತೆ. ದೊಡ್ಡ ಸಂಸಾರದೋರನ್ನ ಮೊದ್ಲು ಒಳಗೆ ಬಿಡು. ಬಿಡೋವಾಗ್ಲೇ ಅವರ ಮನೇಲಿ ಯಾರ್ಯಾರಿದಾರೆ ಅಂತ ಬಾಗಿಲಲ್ಲೇ ಬರೆಸ್ಕೊಂಡ್ಬಿಡು. ಆಮೇಲೆ ಒಂದು ಮಗು ಒಂಟಿಯಾಗಿ ಬಂತು ಅಂದ್ರೆ, ಬಾಗಿಲಲ್ಲಿ ನೋಡಿದ್ರೆ ಸಾಕು. ಒಳಗೆ ಹೋಗೋ ಕೆಲಸಾನೇ ಇಲ್ಲ."

ಹೇಳುತ್ತಲೇ ಬರೆದರು. ಮೊದಲು ಎಲ್ಲ ಮಾತುಗಳನ್ನೂ ಪದಪದವಾಗಿ ಒಡೆದರು. ಹೆಚ್ಚು ಪದಗಳಿರುವ ಮಾತು ಮೊದಲು ಬರುವಂತೆ ಸಾಲು ನಿಲ್ಲಿಸಿದರು. ಉದ್ದದ ಮಾತೊಂದನ್ನು ಉಳಿಸಿಕೊಂಡಾಗಲೆಲ್ಲ, ಅದರಲ್ಲಿ ಒಂದರ ಪಕ್ಕ ಒಂದು ನಿಂತಿರುವ ಪದಗಳ ತುಂಡುಗಳನ್ನೆಲ್ಲ ಮಾಡಿ ಪೈಥಾನಿನ ಒಂದು ಸೆಟ್ಟಿಗೆ, ಅಂದರೆ ಬಾಗಿಲಲ್ಲಿನ ಆ ಪಟ್ಟಿಗೆ, ಸುರಿದರು. ಗಿಡ್ಡ ಮಾತು ಬಂದಾಗ ಕೇಳಬೇಕಾದದ್ದು ಒಂದೇ ಪ್ರಶ್ನೆ: ನೀನು ಆಗಲೇ ಸೆಟ್ಟಿನಲ್ಲಿದ್ದೀಯಾ? ಇದ್ದರೆ ಬೇಡ, ಇಲ್ಲದಿದ್ದರೆ ಬಾ. ಒಂದೇ ಮಾತನ್ನು ಇಬ್ಬರು ಆಡಿದ್ದರೆ ಮೊದಲು ಬಂದ ಚೀಟಿಯವರಿಗೆ ಜಾಗ. ಅಷ್ಟೇ. ಹದಿನೈದು ಇಪ್ಪತ್ತು ಸಾಲೂ ಇರಲಿಲ್ಲ.

"ಓಡಿಸ್ತೀನಿ, ಅಷ್ಟರಲ್ಲಿ ನೀನು ಡಿಕಾಕ್ಷನ್ ಇಳಿದಿದೆಯಾ ನೋಡ್ಕೊಂಡ್ಬಾ" ಎಂದರು. ನೋಡಿಕೊಂಡು ಬಂದೆ. ಡಿಕಾಕ್ಷನ್ ಇಳಿದಿರಲಿಲ್ಲ. ಪ್ರೋಗ್ರಾಮು ಮುಗಿದಿತ್ತು.

"ಪೈಥಾನ್ ಅಂದ್ರೆ ಹೆಬ್ಬಾವಲ್ವೇನಮ್ಮ?" ಎಂದರು ಅಪ್ಪ, ಕುರ್ಚಿಯನ್ನು ಅತ್ತಿಗೆಯ ಪಕ್ಕಕ್ಕೇ ಎಳೆದುಕೊಂಡು. "ನುಂಗಿದ್ದು 'ಇನ್ನೂ ಇದೀನಿ' ಅಂತ ಒದ್ದಾಡಲ್ವಾ?"

"ಒದ್ದಾಡಿದ್ರೆ ನಿಮಗೆ ಮೊದ್ಲು ಹೇಳ್ತೀನಿ ಮಾವ."

ಆ ಎರಡು ಕುರ್ಚಿಗಳು ಈಗಲೂ ಕಣ್ಣೆದುರಿಗಿವೆ. ನನ್ನ ಭಾನುವಾರಗಳಲ್ಲಿ ಅಪ್ಪ ನಿಂತುಕೊಂಡೇ ವಿಚಾರಿಸಿ ಹೋಗಿದ್ದರು. ಅತ್ತಿಗೆಯ ಪಕ್ಕದಲ್ಲಿ ಕೂತರು.

ಹೊಸ ಹಾಳೆಗಳನ್ನು ಓದುವ ಕೆಲಸ ನನಗೆ ಬಂತು. ಅಪ್ಪನ ಕಣ್ಣು ಅಷ್ಟು ಸಣ್ಣ ಅಕ್ಷರಕ್ಕೆ ಓಡುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತ, ಹಳಬರನ್ನು ಕಂಡಂತೆ ಒಂದೊಂದು ಮಾತಿಗೂ ತಲೆದೂಗುತ್ತಿದ್ದರು. "ಮನೆ ತುಂಬಿತು" ಬಂದಾಗ ಇನ್ನೊಂದು ಸಲ ಓದಿಸಿಕೊಂಡರು. ನಾನು ಓದುತ್ತಿದ್ದೆ, ಆದರೆ ಹುಡುಕುತ್ತಿದ್ದದ್ದು ಬೇರೆ. ಕೊನೆಯ ಹಾಳೆ ಮುಗಿಯಿತು.

"ಅಪ್ಪ, ನಂದು ಒಂದೂ ಇಲ್ಲ."

"ಯಾವ್ದು?"

"ಕಿರಿಯ ಮಗ ಅಂತ ಒಂದು ಕಡೇನೂ ಇಲ್ಲ."

ಅತ್ತಿಗೆ ಕಂಪ್ಯೂಟರಿನಲ್ಲಿ ನೋಡಿದರು. ಇರಲಿಲ್ಲ. ನನ್ನ ಸಣ್ಣಪುಟ್ಟ ಮಾತುಗಳನ್ನೆಲ್ಲ ನನಗಿಂತ ಮೊದಲೇ ಯಾರೋ ಆಡಿದ್ದರು, ಅಜ್ಜಿಯರು, ಕಂಡಕ್ಟರುಗಳು. ಬಚ್ಚಲುಮನೆಯಲ್ಲಿ ನಾನು ಹೊಸೆದೆನೆಂದುಕೊಂಡದ್ದು ಬೀದಿಯಲ್ಲಿ ಕೇಳಿದ್ದೇ ಆಗಿತ್ತು. ಉಳಿದದ್ದು "ಬಿಸಿಲಿಗೆ ಬೇಜಾರಾಗಿದೆ." ಅದು ಹಿರಿಯ ಸೊಸೆಯ ಹಪ್ಪಳದ ಜೊತೆ ಒಳಗೆ ಹೋಗಿತ್ತು.

"ಇದೆಯಲ್ಲೋ, ಅದರೊಳಗೆ" ಎಂದರು ಅಪ್ಪ.

"ಒಳಗಿರೋದು ಇರೋದಲ್ಲ ಅಪ್ಪ. ಅದು ನಾನು ಮೊದ್ಲು ಆಡಿದ್ದು. ಇವರು ಬಾಲ ಹಚ್ಚಿದ್ದಕ್ಕೆ ನಾನು ಇಲ್ದಂಗೆ ಆಗ್ಬೇಕಾ?"

"ನಿಯಮ ಎಲ್ಲರಿಗೂ ಒಂದೇ ಕಣೋ. ಮಗ ಅಂತ ನಿಂದೊಂದು ಬಿಟ್ಟುಕೊಂಡ್ರೆ, ಆ ಹೂವಿನವಳದ್ದು ನಾನ್ಯಾಕೆ ತೆಗೀಲಿ?"

ಅಪ್ಪ ಹೇಳಿದ್ದು ಸರಿ. ತರ್ಕ ನನಗೂ ಬರುತ್ತಿತ್ತು. ಮೂವತ್ತು ದಾಟಿದ, ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ ಹಟ ಹಿಡಿದ ಹುಡುಗನ ಹಾಗೆ ಹಾಳೆ ಹಿಡಿದು ನಿಂತಿದ್ದೆ. ಅತ್ತಿಗೆ ನನ್ನನ್ನೇ ನೋಡಿದರು. ಗೇಲಿ ಮಾಡುತ್ತಾರೆಂದು ಕಾದೆ.

"ಮಾವ" ಎಂದರು. ಬೆರಳು ಮೇಲೆದ್ದಿತು.

ಆವತ್ತಿನದು ಗೂಡ್ಸ್ ರೈಲೇ ಇರಬೇಕು, ಅಷ್ಟು ಉದ್ದ. ಕೊನೆಗೆ ಬೆರಳು ಕೆಳಗಿಳಿಯಿತು.

"ಆ ಚೀಟಿ ಒಂದಲ್ಲ ಮಾವ, ಎರಡು. ನಾನು 'ಬಿಸಿಲಿಗೆ ಬೇಜಾರಾಗಿದೆ' ಅಂದು ನಿಲ್ಲಿಸಿದ್ದೆ. ರೈಲು ಹೋದ್ಮೇಲೆ 'ಹಪ್ಪಳ ಎತ್ತಿಡಿ' ಅಂದಿದ್ದು. ನಿಮ್ಮದೇ ರೂಲು ಅಲ್ವಾ, ಒಂದೇ ಉಸಿರು ಅಂತ?"

"ಬಸವನಗುಡೀಲಿ ಯಾವ ರೈಲಮ್ಮ?"

"ನಂಗೆ ಕೇಳಿಸ್ತು ಮಾವ."

"ನಾನು ಮೆಟ್ಟಿಲ ಕೆಳಗೇ ಇದ್ದೆ. ನಂಗೆ ಒಂದೇ ಉಸಿರಿಗೆ ಕೇಳಿಸ್ತಲ್ಲ."

"ನೀವು ಕೆಳಗಿದ್ರಿ. ಬೆರಳು ಕಾಣಿಸಿರಲ್ಲ."

ಅಪ್ಪ ನನ್ನ ಕಡೆ ತಿರುಗಿದರು. "ನೀನು ಮೇಲೇ ಇದ್ಯಲ್ಲೋ, ಕೊಡೆ ಹಿಡ್ಕೊಂಡು. ನಿಲ್ಲಿಸಿದ್ಲಾ?"

ನನಗಿದ್ದ ನೆನಪಿನಲ್ಲಿ ಅದು ಒಂದೇ ಉಸಿರು. ಕೊಡೆ, ಮೋಡ, ಮೆಟ್ಟಿಲ ಕಡೆಗೆ ಬಾಗಿದ ಬೆನ್ನು, ಒಂದೇ ಕೂಗು. ಆದರೆ ಹತ್ತು ವರ್ಷಕ್ಕೂ ಹಿಂದಿನ ಕೂಗೊಂದರ ನಡುವೆ ಉಸಿರಿತ್ತೇ ಇಲ್ಲವೇ ಎಂದು ಯಾವ ಮನುಷ್ಯ ಆಣೆ ಮಾಡಿ ಹೇಳಬಲ್ಲ? "ಸರಿಯಾಗಿ ನೆನಪಿಲ್ಲಪ್ಪ" ಎಂದೆ. ಬೇರೆ ಯಾರ ನೆನಪಿನ ಬಗ್ಗೆಯಾದರೂ ನಾನು ಹೇಳುತ್ತಿದ್ದುದು ಅದನ್ನೇ.

ಅಪ್ಪ ಡಬ್ಬಿ ತರಿಸಿ, ಅತ್ತಿಗೆಯಿಂದಲೇ ಆ ಚೀಟಿ ಹುಡುಕಿಸಿ, ಕತ್ತರಿ ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ತಾವು ಬರೆದ ಚೀಟಿಯನ್ನು ಹೀಗೆ ತಿದ್ದಿದ್ದು ನಾನು ಕಂಡಿರಲಿಲ್ಲ. "ಬೇಜಾರಾಗಿದೆ" ಮುಗಿದ ಕಡೆ, ಬೆರಳಿನಿಂದ ತಡವಿ ನೋಡಿಕೊಂಡು, ಕತ್ತರಿಸಿದರು. ಮೊದಲ ತುಂಡನ್ನು ಹಿಡಿದು, "ಇದು ಆಗ್ಲೇ ಇದೆ, ಕಿರಿಯ ಮಗಂದು, ಹಳೇ ಚೀಟಿ" ಎಂದರು. ಎರಡನೆಯದನ್ನು ಹಿಡಿದು, "ಹಪ್ಪಳ ಎತ್ತಿಡಿ. ಇದನ್ನ ಊರೋರೆಲ್ಲಾ ಅಂತಾರೆ. ಪುಸ್ತಕಕ್ಕೆ ಬೇಡ" ಎಂದರು.

"ಬೇಡ ಬಿಡಿ" ಎಂದರು ಅತ್ತಿಗೆ.

ಕಂಪ್ಯೂಟರಿನಲ್ಲಿ ಆ ಸಾಲು ಅಳಿಸಿ ಮತ್ತೆ ಓಡಿಸಿದರು. "ಬಂದ್ಯಪ್ಪ ನೀನು. ಈಗ ಮಸಾಲೆದೋಸೆ ಯಾವಾಗ ಕೊಡಿಸ್ತೀಯ?" ಆ ಸಂಜೆಯೇ ಗಾಂಧಿ ಬಜಾರಿನಲ್ಲಿ ದೋಸೆ ತಿಂದೆವು. ಅವರು ನನ್ನ ತಟ್ಟೆಯ ಚಟ್ನಿಯನ್ನೂ ಮುಗಿಸಿದರು.

ಪುಸ್ತಕ ಬಂತು. ಅದರಲ್ಲಿ ನಾನಿದ್ದೇನೆ, ಒಂದು ಸಾಲು. ಇಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗದೆ ಹೋದದ್ದಕ್ಕೆ ಕಾರಣ ಅಪ್ಪನ ಕನ್ನಡಕದ ಡಬ್ಬಿ. ಪುಸ್ತಕಕ್ಕೆ ಬೇಡವೆಂದ ಆ ಅರ್ಧ ಚೀಟಿಯನ್ನು ಅಪ್ಪ ಎಸೆಯದೆ ಅದರಲ್ಲಿ ಇಟ್ಟುಕೊಂಡಿದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ಹೊಸ ಕನ್ನಡಕ ಬಂತು, ಹೊಸ ಡಬ್ಬಿ ಬಂತು. ಚೀಟಿ ಹೊಸ ಡಬ್ಬಿಗೂ ಹೋಯಿತು. ದಿನಕ್ಕೆ ಎಷ್ಟೋ ಸಲ ಡಬ್ಬಿ ತೆಗೆದು, "ಹಪ್ಪಳ ಎತ್ತಿಡಿ" ಎಂಬುದನ್ನು ಕಂಡು, ತಮ್ಮಷ್ಟಕ್ಕೆ ನಕ್ಕು, ಕನ್ನಡಕ ಹಾಕಿಕೊಳ್ಳುತ್ತಿದ್ದರು. ನನ್ನ ಮಾತು ಪುಸ್ತಕದಲ್ಲಿದ್ದು ಯಾರೂ ತೆರೆಯದ ಪುಟದಲ್ಲಿತ್ತು. ಅತ್ತಿಗೆಯದು ಅಪ್ಪನ ಕೈಯಲ್ಲಿತ್ತು. ಬಿಟ್ಟುಕೊಡುವುದರಲ್ಲೂ ಅವರೇ ಗೆದ್ದರು ಎಂದು ನನಗನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಅದಾದ ನಾಲ್ಕೈದು ವರ್ಷಗಳಲ್ಲಿ ಅತ್ತಿಗೆಗೆ ಕಾಯಿಲೆ ಬಂತು. ಯಾವ ಕಾಯಿಲೆ ಎಂದು ಬರೆಯುವುದಿಲ್ಲ. ಅದರ ಹೆಸರನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಅವರು ಮಾತ್ರ ಆಡಿ ಅದಕ್ಕೂ ಬಾಲ ಅಂಟಿಸುತ್ತಿದ್ದರು. ಮಲ್ಲೇಶ್ವರದ ಕಡೆಯ ಒಂದು ಆಸ್ಪತ್ರೆಯಲ್ಲಿದ್ದರು. ಒಂದು ಮಧ್ಯಾಹ್ನ ಅಣ್ಣ ಊಟಕ್ಕೆ ಹೋದಾಗ ನಾನೊಬ್ಬನೇ ಹತ್ತಿರ ಕೂತಿದ್ದೆ. ಕೈ ಸಣಕಲಾಗಿತ್ತು. ಬೆರಳ ತುದಿಯಲ್ಲಿ ಶಾಯಿ ಇರಲಿಲ್ಲ; ಅದು ಬರಿಯ ಬೆರಳಾಗಿ ಕಂಡದ್ದು ನನಗೆ ಅದೇ ಮೊದಲು.

"ಅತ್ತಿಗೆ, ಒಂದು ಕೇಳ್ಲಾ?"

"ಕೇಳೋ. ಇಲ್ಲಿ ಎಲ್ಲರೂ ನನ್ನ ಟೆಂಪರೇಚರೇ ಕೇಳ್ತಾರೆ."

"ಆವತ್ತು ಮಹಡಿ ಮೇಲೆ, ಹಪ್ಪಳದ ದಿನ. ನೀವು ನಿಜವಾಗ್ಲೂ ನಡುವೆ ನಿಲ್ಲಿಸಿದ್ರಾ?"

ಬೆರಳು ಮೇಲೆದ್ದಿತು. ನಾನು ಕಾದೆ. ಆಗ ಕಿಟಕಿಯ ಗಾಜು ಸಣ್ಣಗೆ ಅದುರತೊಡಗಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಿಜವಾದ ರೈಲೊಂದು ಬಂದಿತ್ತು. ಮಲ್ಲೇಶ್ವರದ ಸ್ಟೇಷನ್ನಿನ ಕಡೆಗೆ ಕೂಗುತ್ತ, ಡಬ್ಬಿಯ ಹಿಂದೆ ಡಬ್ಬಿ ಎಳೆಯುತ್ತ, ನಿಧಾನಕ್ಕೆ ದಾಟಿತು. ಅತ್ತಿಗೆ ಕಣ್ಣು ಮುಚ್ಚಿ, ಊರಿಂದ ಬಂದವರ ದನಿ ಕೇಳುವವರ ಹಾಗೆ ಕೇಳುತ್ತಿದ್ದರು. ಸದ್ದು ಅಡಗಿದ ಮೇಲೆ ಕಣ್ಣು ತೆರೆದರು.

"ಏನು ಕೇಳ್ದೆ?"

ಮತ್ತೆ ಕೇಳಲಿಲ್ಲ. "ಎಳನೀರು ಕುಡೀತೀರಾ ಅಂತ" ಎಂದೆ.

"ಕುಡೀತೀನಿ" ಎಂದರು. "ಕಾಯೊಳಗೆ ಗಂಜಿ ಇದ್ರೆ ತೆಗೆಸ್ಕೊಂಡ್ಬಾ."

ಆ ತಿಂಗಳಲ್ಲೇ ಹೋದರು. ಅತ್ತಿಗೆ ತೀರಿದ ಮೇಲೆ ಅಪ್ಪ ಹೊಸ ಚೀಟಿ ಬರೆಯಲಿಲ್ಲ. ಒಂದು ದಿನ ಆ ಪ್ರಶ್ನೆಯನ್ನು ಅವರಿಗೇ ಕೇಳಿದೆ: ಒಂದೇ ಉಸಿರಾಗಿತ್ತಾ, ಎರಡಾ? ಅಪ್ಪ ಕನ್ನಡಕ ತೆಗೆದು ಒರೆಸಿದರು. "ನಿನಗೆ ನೆನಪಿಲ್ಲ ಅಂದ್ಯಲ್ಲೋ. ನಂಗೂ ಇಲ್ಲ" ಎಂದರು. ಕೇಳಿದ ಮಾತೊಂದನ್ನು ಅಪ್ಪ ಮರೆತೆ ಎಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಪ್ಪನೂ ಹೋದ ಮೇಲೆ ಕನ್ನಡಕದ ಡಬ್ಬಿ ಅಣ್ಣನಿಗೆ ಸೇರಿತು. ನ್ಯಾಯವಾಗಿ ಅವನದೇ. ನಾನು ಕೇಳಲೂ ಇಲ್ಲ, ಕೇಳಬೇಕೆನಿಸಿದ್ದು ನಿಜ.

ನನ್ನ ಪಾಲಿಗೆ ಬಂದದ್ದು ಅತ್ತಿಗೆಯ ಪ್ರೋಗ್ರಾಮಿನ ಆ ಕೆಲವೇ ಸಾಲು. ನನ್ನ ವಿದ್ಯಾರ್ಥಿಗಳು ಹಳ್ಳಿಗಳಿಂದ ಬೀದಿಗಳಿಂದ ಮಾತು ಕೂಡಿಹಾಕಿಕೊಂಡು ಬಂದಾಗ, ಎರಡೆರಡು ಸಲ ಬಂದದ್ದನ್ನೂ ಒಂದರೊಳಗೊಂದು ಅಡಗಿದ್ದನ್ನೂ ಈಗಲೂ ಅದರಲ್ಲೇ ಜರಡಿ ಹಿಡಿಯುತ್ತೇವೆ. ಮದುವೆಮನೆಯ ಬಾಗಿಲಿನ ಕಥೆಯನ್ನೂ ಹೇಳುತ್ತೇನೆ. ಚೆನ್ನಾಗಿ ವಿವರಿಸುತ್ತೀರಿ ಸಾರ್ ಎನ್ನುತ್ತಾರೆ. ಇದು ನನ್ನದಲ್ಲ, ನಮ್ಮ ಅತ್ತಿಗೆಯದು ಎನ್ನುತ್ತೇನೆ. ಎಲ್ಲ ಸಲವೂ ಹೇಳುತ್ತೇನೆಯೇ ಎಂದು ಕೇಳಿದರೆ, ಹೌದೆಂದು ನನ್ನ ನೆನಪು.

ಮೊನ್ನೆ ಅಣ್ಣನ ಮನೆಗೆ ಹೋಗಿದ್ದೆ. ಅದೇ ಮನೆ, ಅದೇ ಮಹಡಿ. ಅವನು ಒಣಗಿದ ಬಟ್ಟೆ ತೆಗೆಯುತ್ತಿದ್ದ, ನಾನು ಸುಮ್ಮನೆ ನಿಂತಿದ್ದೆ. ಮೋಡ ಬಂದು ಬಿಸಿಲು ಹೋಯಿತು. ಇದೇ ಜಾಗ, ಇದೇ ಹೊತ್ತು. ಒಂದು ಸಲ ಪರೀಕ್ಷಿಸಿಯೇ ಬಿಡೋಣ ಎನಿಸಿತು. ಮೆಟ್ಟಿಲ ಹತ್ತಿರ ಹೋಗಿ, ಅತ್ತಿಗೆ ನಿಂತಿದ್ದಲ್ಲೇ ನಿಂತು, ಕೆಳಗೆ ಬಾಗಿ, ನನಗೆ ನೆನಪಿರುವಂತೆಯೇ ಒಂದೇ ಉಸಿರಿನಲ್ಲಿ ಕೂಗಿ ನೋಡಲು ಎದೆ ತುಂಬ ಗಾಳಿ ಎಳೆದುಕೊಂಡೆ.

"ಬಿಸಿಲಿಗೆ ಬೇಜಾರಾಗಿದೆ" ಎಂದೆ. ಮುಂದಿನದು ಬರಲಿಲ್ಲ. ಉಸಿರಿತ್ತು, ಮಾತು ಬರಲಿಲ್ಲ. ನೋಡಿಕೊಂಡರೆ ನನ್ನ ಬೆರಳು ಮೇಲೆದ್ದಿತ್ತು. ಬಲಗೈಯದು.

ಅಣ್ಣ ತಿರುಗಿ ನೋಡಿದ. ಬಟ್ಟೆಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತ. ರೈಲು ದಾಟುವವರೆಗೂ ಇಬ್ಬರೂ ಕಾದೆವು.